ಮಳೆನೀರು ಕುಡಿದು ನಿಂತಿದ್ದ ಜನರೇಟರ್

ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗದ ಅಡಿಕೆ ತೋಟದ ಮನೆಗಳಿಗೆ ಹೋದಾಗಲೆಲ್ಲ ನನ್ನ ಕಣ್ಣು ಕೊಟ್ಟಿಗೆಯ ಪಕ್ಕದ ಮಾಡಿನ ಕಡೆಗೆ ಹೊರಳುತ್ತದೆ. ಎಷ್ಟೋ ಮನೆಗಳಲ್ಲಿ ಅಲ್ಲಿ, ದಬ್ಬೆಯ ರಾಶಿ ಮತ್ತು ಮೈಲುತುತ್ತದ ಖಾಲಿ ಚೀಲಗಳ ಹಿಂದೆ, ಗೋಣಿ ಹೊದೆಸಿಟ್ಟ ಡೀಸೆಲ್ ಜನರೇಟರ್ ಒಂದು ನಿಂತಿರುತ್ತದೆ. ವಿಚಾರಿಸಿದರೆ ಉತ್ತರ ಹೆಚ್ಚು ಕಡಿಮೆ ಒಂದೇ: "ಚೆನ್ನಾಗೇ ಓಡ್ತಿತ್ತು, ಆಮೇಲೆ ಯಾಕೋ ಏನೋ ನಿಂತೋಯ್ತು." ಇನ್ವರ್ಟರ್ ಬಂದ ಮೇಲೆ ದೀಪಕ್ಕೂ ಟಿವಿಗೂ ಅದರ ಅಗತ್ಯ ಬೀಳಲಿಲ್ಲ, ರಿಪೇರಿ ಮಾಡಿಸೋಣ ಎಂದುಕೊಂಡ ಬೇಸಿಗೆ ದಾಟಿ ಮಳೆಗಾಲ ಬಂತು, ಮಳೆಗಾಲ ದಾಟಿ ಕೊಯ್ಲು ಬಂತು, ಯಂತ್ರ ಮಾತ್ರ ಇದ್ದಲ್ಲೇ ಉಳಿಯಿತು. ಆದರೆ ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿ ನಾಲ್ಕಾರು ದಿನ ಕರೆಂಟು ಬಾರದೇ ಹೋದಾಗ ಇನ್ವರ್ಟರಿನ ಬ್ಯಾಟರಿ ಮೊದಲ ರಾತ್ರಿಯೇ ಬರಿದಾಗುತ್ತದೆ. ಜೋಗದಲ್ಲಿ 1948ರಿಂದ ವಿದ್ಯುತ್ತು ಉತ್ಪಾದನೆಯಾಗುತ್ತಿರುವ ಜಿಲ್ಲೆ ನಮ್ಮದು. ಆದರೂ ಮನೆಗೆ ಬರುವ ಕೊನೆಯ ಒಂದೆರಡು ಮೈಲಿ ತಂತಿ ಕಾಡಿನ ನಡುವೆಯೇ ಹಾದು ಬರಬೇಕು, ಆ ಒಂದೆರಡು ಮೈಲಿಗೆ ಯಾವ ಜಲಾಶಯವೂ ಉತ್ತರವಾಗಲಾರದು. ಬಾವಿಯ ಪಂಪು, ಅಡಿಕೆ ಸುಲಿಯುವ ಯಂತ್ರ, ಫ್ರಿಜ್ಜು, ಇವುಗಳಿಗೆ ಬೇಕಾದದ್ದು ಎಂಜಿನ್ನಿನ ಬಲವೇ.

ಇದನ್ನೆಲ್ಲ ಯೋಚಿಸಿಯೇ ನಾನು ಕೆಟ್ಟು ನಿಂತಿದ್ದ ಹಳೆಯ ಜನರೇಟರ್ ಒಂದನ್ನು ಕೊಂಡೆ. ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು, ಊರವರೆಲ್ಲ ಮೇಸ್ತ್ರಿ ಎಂದೇ ಕರೆಯುವವರು, ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದರು. ಬಿಚ್ಚುವ, ತೊಳೆಯುವ, ಅಳೆಯುವ ಕೆಲಸಗಳಲ್ಲಿ ನಾನೂ ಕೈಹಾಕಿದೆ. ಆ ಕೆಲಸ ಮುಗಿಯುವ ಹೊತ್ತಿಗೆ ನನಗೆ ಖಚಿತವಾದ ಒಂದು ಸಂಗತಿಯನ್ನು ಇಲ್ಲಿ ವಿವರವಾಗಿ ಬರೆಯಬೇಕೆನಿಸಿದೆ. ಮಲೆನಾಡಿನ ಜನರೇಟರುಗಳಲ್ಲಿ ಬಹುಪಾಲು ದುಡಿದು ಸವೆದವಲ್ಲ, ಸಣ್ಣ ಕಾರಣಕ್ಕೆ ಒಮ್ಮೆ ನಿಂತು, ನಿಂತ ಮೇಲೆ ತೇವದಲ್ಲಿ ಹಾಳಾದವು. ಆದ್ದರಿಂದ ಅವುಗಳನ್ನು ಪರೀಕ್ಷಿಸುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು: ಇದು ಮೊದಲು ನಿಂತದ್ದೇಕೆ? ನಿಂತ ಮೇಲೆ ಇದಕ್ಕೆ ಏನಾಯಿತು? ಇವೆರಡನ್ನೂ ಕಲಸಿಬಿಟ್ಟರೆ ಸಾವಿರಾರು ರೂಪಾಯಿ ಸುರಿದು ಹಾನಿಯನ್ನು ಸರಿಪಡಿಸಿದ ಮೇಲೂ ಮೂಲ ಕಾರಣ ಒಳಗೇ ಉಳಿದು, ಯಂತ್ರ ಮತ್ತೊಮ್ಮೆ ಅದೇ ರೀತಿ ನಿಲ್ಲುತ್ತದೆ.

ಓಡುವುದನ್ನು ಕೊಳ್ಳುವುದೋ, ನಿಂತದ್ದನ್ನೋ

ಓಡುತ್ತಿರುವ ಹಳೆಯ ಜನರೇಟರ್ ಸಿಗುತ್ತಿರುವಾಗ ನಿಂತದ್ದನ್ನು ಯಾಕೆ ಕೊಳ್ಳಬೇಕು ಎಂದು ಮನೆಯಲ್ಲಿಯೂ ಕೇಳಿದರು. ನನ್ನ ಉತ್ತರ ಹೀಗಿತ್ತು: ಮಾರಾಟಕ್ಕೆಂದೇ ಓಡಿಸಿ ತೋರಿಸುವ ಎಂಜಿನ್ನಿಗೆ ಹೊಸ ಬಣ್ಣ ಬಳಿದಿರುತ್ತಾರೆ, ಸವೆದ ಬೇರಿಂಗಿನ ಸದ್ದು ಅಡಗಲೆಂದು ದಪ್ಪನೆಯ ಎಣ್ಣೆ ಸುರಿದಿರುತ್ತಾರೆ, ನಾವು ತಲುಪುವ ಮೊದಲೇ ಬಿಸಿ ಮಾಡಿಟ್ಟಿರುತ್ತಾರೆ. ಬಿಸಿ ಎಂಜಿನ್ನು ಸುಲಭವಾಗಿಯೇ ಸ್ಟಾರ್ಟ್ ಆಗುತ್ತದೆ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಅದರ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಹೋಗುವ ಬಿಗಿ, ಎಷ್ಟಿದೆ ಎಂಬುದು ಅಲ್ಲಿ ತಿಳಿಯುವುದೇ ಇಲ್ಲ. ನಿಂತಿರುವ ಯಂತ್ರವನ್ನು ಹೀಗೆ ಸಿಂಗರಿಸಲು ಯಾರಿಗೂ ಮನಸ್ಸಿರುವುದಿಲ್ಲ. ಅದರ ಟ್ಯಾಂಕಿನಲ್ಲಿ ಕೊನೆಯ ದಿನದ ಡೀಸೆಲ್ ಇರುತ್ತದೆ, ಸಂಪಿನಲ್ಲಿ, ಅಂದರೆ ಎಂಜಿನ್ನಿನ ತಳದ ಎಣ್ಣೆಯ ಗೂಡಿನಲ್ಲಿ, ಕೊನೆಯ ದಿನದ ಎಣ್ಣೆ ಇರುತ್ತದೆ, ಕೊನೆಯ ಬಾರಿ ಯಾರೋ ಸಡಿಲಿಸಿದ ನಟ್ಟು ಹಾಗೆಯೇ ಸಡಿಲವಾಗಿರುತ್ತದೆ. ಓದಲು ಬರುವವರಿಗೆ ಅದರಲ್ಲಿ ಹೆಚ್ಚು ಸಿಗುತ್ತದೆ.

ಬೆಲೆಯ ಲೆಕ್ಕವೂ ಆಗ ಸ್ಪಷ್ಟವಾಗುತ್ತದೆ. ಗುಜರಿಯವರು ಕಬ್ಬಿಣ ಮತ್ತು ತಾಮ್ರಕ್ಕೆ ಕೊಡುವ ಬೆಲೆ ಅದರ ತಳ. ಅದಕ್ಕಿಂತ ಮೇಲೆ ಕೊಡುವ ಒಂದೊಂದು ರೂಪಾಯಿಯೂ ಕ್ರ್ಯಾಂಕ್ ಶಾಫ್ಟು (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ), ಬ್ಲಾಕು (ಎಂಜಿನ್ನಿನ ಎರಕದ ಮೈ) ಮತ್ತು ಆಲ್ಟರ್ನೇಟರಿನ (ಕರೆಂಟು ಹುಟ್ಟಿಸುವ ಭಾಗ) ತಾಮ್ರದ ವೈಂಡಿಂಗು ಎಂಬ ಮೂರರ ಸ್ಥಿತಿಯ ಮೇಲೆ ನಿಂತಿರಬೇಕು. ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ), ಪಿಸ್ಟನ್, ರಿಂಗು, ವಾಲ್ವು, ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ತುದಿ), ಗ್ಯಾಸ್ಕೆಟ್ ಇವೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು. ಅವೆಲ್ಲವನ್ನೂ ಬದಲಿಸಬೇಕಾಗುತ್ತದೆ ಎಂದೇ ಎಣಿಸಿಕೊಂಡು ಬೆಲೆ ಕಟ್ಟಬೇಕು. ಬ್ಲಾಕು ಸೀಳಿದ್ದರೆ, ಕ್ರ್ಯಾಂಕ್ ತಿರುಚಿದ್ದರೆ, ಎಷ್ಟೇ ಅಗ್ಗವಾದರೂ ಬಿಟ್ಟು ಬರುವುದು ಒಳ್ಳೆಯದು. ತಯಾರಕರ ಬಿಡಿಭಾಗ ಈಗಲೂ ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುತ್ತದೆಯೇ ಎಂಬುದನ್ನು ಯಂತ್ರ ನೋಡಲು ಹೋಗುವ ಮೊದಲೇ ವಿಚಾರಿಸಿಕೊಳ್ಳಬೇಕು.

ಮಾಡಿನಡಿಯ ಪರೀಕ್ಷೆ

ಯಂತ್ರವಿದ್ದದ್ದು ಹೊಸನಗರದ ಕಡೆಯ ಒಂದು ತೋಟದ ಮನೆಯಲ್ಲಿ. 7.5 ಕೆವಿಎ ಆಲ್ಟರ್ನೇಟರು, ಅದಕ್ಕೆ ನೇರವಾಗಿ ಜೋಡಿಸಿದ 10 ಎಚ್‌ಪಿಯ, ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಎಂಜಿನ್ನು. ಸದ್ದು ಅಡಗಿಸುವ ಪೆಟ್ಟಿಗೆ ಇಲ್ಲದ ತೆರೆದ ಮಾದರಿ. 2005ರಿಂದ ಈಚೆಗೆ ತಯಾರಾದ ಡೀಸೆಲ್ ಜನರೇಟರುಗಳು ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಮಾಡಬಾರದೆಂಬ ನಿಯಮವಿರುವುದರಿಂದ, ಇದು ಅದಕ್ಕಿಂತ ಹಿಂದಿನದು ಎಂದು ಅಂದಾಜಿಸಬಹುದಿತ್ತು. ಎಂಜಿನ್ನಿನ ಮೇಲೆ ಹಂಚಿನ ಮಾಡು ಇತ್ತು. ಆದರೆ ಹೊಗೆಯ ಕೊಳವೆ ಮಾಡನ್ನು ದಾಟಿ ನೇರ ಮೇಲಕ್ಕೆ ಹೋಗಿತ್ತು, ಅದರ ತುದಿಗೆ ಮುಚ್ಚಳವಿರಲಿಲ್ಲ.

ಆ ಮನೆಯ ಯಜಮಾನರು ಹ್ಯಾಂಡಲ್ ತಂದು ಕೊಟ್ಟರು. ಮೇಸ್ತ್ರಿ ಅದನ್ನು ಗೋಡೆಗೆ ಒರಗಿಸಿಟ್ಟು, "ಗೌಡ್ರೆ, ಈಗ್ಲೇ ತಿರುಗ್ಸೋದು ಬ್ಯಾಡ. ಮೊದ್ಲು ಎಣ್ಣೆ ಏನ್ ಹೇಳ್ತದೆ ನೋಡಾಣ" ಎಂದು ನನಗೆ ಹೇಳಿ, ಸಂಪಿನ ಕೆಳಗಿನ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿದರು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ನೀರು ಸೇರಿದ್ದರೆ ಅದು ಎಣ್ಣೆಗಿಂತ ಭಾರವಾದ್ದರಿಂದ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಒಮ್ಮೆ ತಿರುಗಿಸಿಬಿಟ್ಟರೆ ಎರಡೂ ಬೆರೆತು ಬಿಳಿಚಿಕೊಂಡು, ಎಷ್ಟು ನೀರಿತ್ತು ಎಂಬುದು ತಿಳಿಯದಂತಾಗುತ್ತದೆ. ಜೊತೆಗೆ ಅದೇ ನೀರು ಬೇರಿಂಗುಗಳ ನಡುವೆ ಹೋಗುತ್ತದೆ. ನಾವಿಟ್ಟ ಬೋಗುಣಿಗೆ ಮೊದಲು ತುಕ್ಕಿನ ಬಣ್ಣದ ನೀರು ಬಂತು, ಸಾಕಷ್ಟು ಬಂತು, ಆಮೇಲೆ ಕಪ್ಪು ಎಣ್ಣೆ. ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿದಾಗ ಬೇರಿಂಗಿನ ಬಿಳಿಲೋಹದ ಹೊಳಪಿನ ಚೂರುಗಳು ಕಾಣಲಿಲ್ಲ. ಹಾಗೆಂದರೆ ಈ ಎಂಜಿನ್ನು ಎಣ್ಣೆಯಿಲ್ಲದೆ ಓಡಿ ಬೇರಿಂಗ್ ಕಳೆದುಕೊಂಡದ್ದಲ್ಲ. ನೀರು ಆಮೇಲೆ ಬಂದದ್ದು.

ಆ ಮೇಲೆ, ವಾಲ್ವನ್ನು ತೆರೆದಿಟ್ಟು ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿಹಿಡಿದು ಫ್ಲೈವೀಲನ್ನು ಕೈಯಿಂದಲೇ ಮೆಲ್ಲಗೆ ಅಲುಗಿಸಿದೆವು. ಅದು ತಿರುಗಿತು, ಆದರೆ ಪೂರ್ತಿ ಸುತ್ತಲಿಲ್ಲ. ಒಂದು ಕಡೆಗೆ ಅರ್ಧ ಸುತ್ತಿನಷ್ಟು ಹೋಗಿ ನಿಂತಿತು. ಹಿಂದಕ್ಕೆ ತಿರುಗಿಸಿದರೆ ಅಷ್ಟೇ ದೂರ ಬಂದು ಆ ಕಡೆಯೂ ನಿಂತಿತು. ಈ ಒಂದು ಪರೀಕ್ಷೆ ನಮಗೆ ಕೊಟ್ಟಷ್ಟು ಮಾಹಿತಿಯನ್ನು ಬೇರೆ ಯಾವುದೂ ಕೊಡಲಿಲ್ಲ. ಕ್ರ್ಯಾಂಕಿನ ಬೇರಿಂಗುಗಳು ಕಚ್ಚಿಕೊಂಡಿದ್ದರೆ ಚಕ್ರ ಅಲುಗುತ್ತಲೇ ಇರಲಿಲ್ಲ. ವಾಲ್ವಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬಿದ್ದಿದ್ದರೆ ಲೋಹಕ್ಕೆ ಲೋಹ ಬಡಿದು ಟಣ್ಣೆಂದು ನಿಲ್ಲಬೇಕಿತ್ತು. ಇದು ಹಾಗಲ್ಲ, ಎರಡೂ ಕಡೆ ಒರಟಾಗಿ ಉಜ್ಜಿಕೊಂಡು, ಬಿಗಿಯಾಗುತ್ತಾ ನಿಲ್ಲುತ್ತಿತ್ತು. ಪಿಸ್ಟನ್ನು ಕೆಳಗೆ ಹೋಗಿ ಮೇಲೆ ಬರುತ್ತಿದೆ, ಆದರೆ ಸಿಲಿಂಡರಿನ ಒಂದೇ ಎತ್ತರದಲ್ಲಿ ಯಾವುದೋ ಅಡ್ಡಿ ಇದೆ ಎಂದೇ ಇದರ ಅರ್ಥ. ಮುಚ್ಚಳವಿಲ್ಲದ ಹೊಗೆ ಕೊಳವೆಯನ್ನೂ ಸಂಪಿನ ನೀರನ್ನೂ ಇದರ ಜೊತೆಗಿಟ್ಟು ನೋಡಿದಾಗ ನಡೆದದ್ದು ಸ್ಪಷ್ಟವಾಯಿತು: ಎಂಜಿನ್ನು ನಿಂತಾಗ ಎಕ್ಸಾಸ್ಟ್ ವಾಲ್ವು ತೆರೆದಿತ್ತು, ಮಳೆನೀರು ಕೊಳವೆಯಲ್ಲಿ ಇಳಿದು ಪಿಸ್ಟನ್ನಿನ ತಲೆಯ ಮೇಲೆ ನಿಂತು ಅದರ ಮೇಲಂಚಿನ ಸುತ್ತ ಲೈನರಿನಲ್ಲಿ ತುಕ್ಕಿನ ಪಟ್ಟಿ ಕಟ್ಟಿತ್ತು, ಉಳಿದ ನೀರು ರಿಂಗುಗಳ ಸಂದಿಯಿಂದ ಸಂಪಿಗೆ ಸೋರಿತ್ತು.

ಇನ್ನು ಮೊದಲ ಪ್ರಶ್ನೆ, ಇದು ನಿಂತದ್ದೇಕೆ ಎಂಬುದು. ಅದಕ್ಕೆ ಯಜಮಾನರ ನೆನಪೇ ಆಧಾರ. ಕೊನೆಯ ದಿನ ಏನಾಯಿತು ಎಂದು ಕೇಳಿದೆ. ಸುಲಿಯುವ ಯಂತ್ರ ನಡೆಯುತ್ತಿದ್ದಾಗ ಎಂಜಿನ್ನಿನ ಸದ್ದು ಏರಿಳಿಯತೊಡಗಿತು, ನಿಧಾನವಾಗಿ ಕುಗ್ಗುತ್ತಾ ನಿಂತುಹೋಯಿತು, ಆಮೇಲೆ ಎಷ್ಟು ಹ್ಯಾಂಡಲ್ ಹೊಡೆದರೂ ಹೊಗೆಯೇ ಬರಲಿಲ್ಲ ಎಂದರು. ಮೇಸ್ತ್ರಿ ತಲೆಯೆತ್ತಿ ನೋಡಿ, "ಹೊಗೆ ಬರ್ಲೇ ಇಲ್ವಾ, ಬಿಳಿ ಹೊಗೆನಾದ್ರೂ ಬಂತಾ, ಸರಿಯಾಗಿ ನೆನಪು ಮಾಡ್ಕಳಿ ಅಯ್ಯಾ" ಎಂದು ಎರಡೆರಡು ಸಲ ಕೇಳಿದರು. ಆ ಪ್ರಶ್ನೆಗೆ ಬೆಲೆಯಿದೆ. ಹ್ಯಾಂಡಲ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ, ಅಂದರೆ ಕಂಪ್ರೆಶನ್ ಸಾಲದು ಎಂದು ಸಂಶಯಿಸಬೇಕು. ಹೊಗೆಯೇ ಬಾರದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ. ಸದ್ದಿನ ಏರಿಳಿತ, ನಿಧಾನದ ನಿಲುಗಡೆ, ಹೊಗೆಯಿಲ್ಲದಿರುವುದು, ಈ ಮೂರೂ ಸೇರಿದರೆ ಬೆರಳು ತೋರುವುದು ಟ್ಯಾಂಕಿನಿಂದ ನಾಜಲ್‌ವರೆಗಿನ ದಾರಿಯ ಕಡೆಗೆ. ಎಂಜಿನ್ನು ಬಡಿದುಕೊಂಡು ಒಮ್ಮೆಲೇ ನಿಂತಿತು ಎಂದಿದ್ದರೆ ನಾವು ಅದನ್ನು ಕೊಳ್ಳುತ್ತಿರಲಿಲ್ಲ. ಗುಜರಿಯ ಬೆಲೆಗಿಂತ ಸ್ವಲ್ಪ ಮೇಲೆ ಮಾತು ನಿಂತಿತು. ನಾಲ್ಕು ಜನರಿಗೆ ಎತ್ತಲಾಗದ ಭಾರವಾದ್ದರಿಂದ ಚೈನ್ ಪುಲ್ಲಿ ಕಟ್ಟಿ ಪಿಕಪ್ ವ್ಯಾನಿಗೆ ಏರಿಸಿದೆವು.

ಮೂಲ ಕಾರಣ ಟ್ಯಾಂಕಿನಲ್ಲಿತ್ತು

ಮನೆಗೆ ತಂದ ಮೇಲೆ ಮೊದಲು ಬಿಚ್ಚಿದ್ದು ಡೀಸೆಲ್ ಟ್ಯಾಂಕನ್ನು. ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚಿ ತುಕ್ಕನ್ನು ನೋಡುವ ಕುತೂಹಲವಿದ್ದರೂ ಮೂಲ ಕಾರಣದ ಸಾಕ್ಷ್ಯ ಮೊದಲು ಕೈಗೆ ಸಿಗಬೇಕು ಎಂಬುದು ನನ್ನ ಹಟವಾಗಿತ್ತು. ಟ್ಯಾಂಕಿನ ತಳದಲ್ಲಿ ನೀರು, ಅದರ ಮೇಲೆ ಕಂದು ಬಣ್ಣದ ಲೋಳೆ, ಅದರ ಮೇಲೆ ಹುಳಿ ವಾಸನೆಯ ಡೀಸೆಲ್. ಅರ್ಧ ತುಂಬಿದ ಟ್ಯಾಂಕಿನಲ್ಲಿ ಉಳಿದ ಅರ್ಧ ಭಾಗ ಗಾಳಿ. ಹಗಲು ಬೆಚ್ಚಗಾಗಿ ರಾತ್ರಿ ತಣ್ಣಗಾದಾಗಲೆಲ್ಲ ಆ ಗಾಳಿಯ ತೇವ ಟ್ಯಾಂಕಿನ ಗೋಡೆಯಲ್ಲಿ ಹನಿಗಟ್ಟಿ ಕೆಳಗಿಳಿಯುತ್ತದೆ. ಡೀಸೆಲ್ ಮತ್ತು ನೀರು ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆ ಲೋಳೆಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರದ ಘಟ್ಟದ ಅಂಚೂ ಅದಕ್ಕೇನೂ ಕಡಿಮೆಯಿಲ್ಲ. ಇದೇ ಜನರೇಟರ್ ಶಿಕಾರಿಪುರದ ಕಡೆಯ ಬಯಲಿನಲ್ಲಿ ಇಷ್ಟೇ ವರ್ಷ ನಿಂತಿದ್ದರೆ ಇದರ ಅರ್ಧದಷ್ಟೂ ಹಾಳಾಗುತ್ತಿರಲಿಲ್ಲ ಎಂದು ನನ್ನ ಅಂದಾಜು.

ಫಿಲ್ಟರಿನ ಬಟ್ಟಲು ತೆರೆದಾಗ ಸಂಶಯ ಉಳಿಯಲಿಲ್ಲ. ಕಾಗದದ ಮಡಿಕೆಗಳು ಕಂದು ಲೋಳೆಯಿಂದ ಮುಚ್ಚಿಹೋಗಿದ್ದವು. ಬೆಲೆಯಲ್ಲಿ ಇಡೀ ಯಂತ್ರದ ಮುಂದೆ ಲೆಕ್ಕಕ್ಕೇ ಬಾರದ ಒಂದು ಫಿಲ್ಟರ್ ಕಟ್ಟಿಕೊಂಡು ಎಂಜಿನ್ನು ನಿಂತಿತು. ನಿಂತ ಎಂಜಿನ್ನನ್ನು ಯಾರೂ ಬಿಚ್ಚಿ ನೋಡಲಿಲ್ಲ. ತೆರೆದ ಕೊಳವೆಯಲ್ಲಿ ಮಳೆನೀರು ಇಳಿದು ಲೈನರನ್ನು ತಿಂದಿತು. ಈ ಸರಣಿ ನನ್ನನ್ನು ಇಂದಿಗೂ ಕಾಡುತ್ತದೆ. ಫಿಲ್ಟರ್ ಬದಲಿಸುವ, ಡೀಸೆಲ್ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಬಿಡುವ (ಏರ್ ತೆಗೆಯುವ) ಅರ್ಧ ಗಂಟೆಯ ಕೆಲಸವನ್ನು ಹೇಳಿಕೊಡುವವರು ಒಬ್ಬರಿದ್ದಿದ್ದರೆ ಆ ಮನೆಯವರಿಗೆ ಜನರೇಟರ್ ಇಲ್ಲದ ಅಷ್ಟೊಂದು ಮಳೆಗಾಲಗಳನ್ನು ಕಳೆಯಬೇಕಾಗುತ್ತಿರಲಿಲ್ಲ. ಮಾರುವವರು ಯಂತ್ರದ ಜೊತೆಗೆ ಆ ಅರ್ಧ ಗಂಟೆಯ ಪಾಠವನ್ನೂ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಡ್ ಎತ್ತಿದಾಗ ಲೈನರಿನಲ್ಲಿ ಒಂದು ಬೆರಳಗಲದ ತುಕ್ಕಿನ ಪಟ್ಟಿ ಕಂಡಿತು, ನಾವು ಊಹಿಸಿದ ಎತ್ತರದಲ್ಲಿಯೇ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು ನೆನೆಯಲು ಬಿಟ್ಟೆವು. ತುಕ್ಕು ಮೆತ್ತಗಾದ ಮೇಲೆ ಸಣ್ಣ ಎಮರಿಯಿಂದ ಉಜ್ಜಿ, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್ ಸಮೇತ ಮೇಲಕ್ಕೆ ತೆಗೆದೆವು. ತುಕ್ಕು ಹೋದ ಜಾಗದಲ್ಲಿ ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಕುಳಿಗಳಿದ್ದವು. ಉಜ್ಜಿ ನಯಮಾಡಿ ಅದೇ ಲೈನರನ್ನು ಓಡಿಸುವವರಿದ್ದಾರೆ. ಸ್ವಲ್ಪ ಕಾಲ ಓಡುತ್ತದೆ ಕೂಡ. ಆದರೆ ರಿಂಗು ಆ ಕುಳಿಗಳ ಮೇಲೆ ಹಾಯುವಾಗಲೆಲ್ಲ ಒತ್ತಡ ಸೋರುತ್ತದೆ, ಎಣ್ಣೆ ಮೇಲೇರುತ್ತದೆ, ಎರಡನೇ ಸಲ ಬಿಚ್ಚುವ ಕೂಲಿ ಹೊಸ ಲೈನರಿನ ಬೆಲೆಯನ್ನು ಮೀರುತ್ತದೆ. ಹೀಗಾಗಿ ಲೈನರ್, ಪಿಸ್ಟನ್, ರಿಂಗುಗಳ ಹೊಸ ಸೆಟ್ಟನ್ನೇ ತಂದೆವು. ಹೆಡ್ಡನ್ನು ಮಾತ್ರ ಲೇತಿಗೆ ಕೊಟ್ಟೆವು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗಿನಿಂದ ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ತಲೆಮಾರುಗಳಿಂದ ಲೋಹದ ಕೆಲಸ ಬಲ್ಲವರಿದ್ದಾರೆ, ಹೆಡ್ಡಿನ ಮೈ ಸಮಮಾಡಿ ವಾಲ್ವಿನ ಸೀಟು ಕಡೆದು ಕೊಡುವ ಕೆಲಸಕ್ಕೆ ನಮಗೆ ದೂರದ ಊರಿಗೆ ಹೋಗಬೇಕಿಲ್ಲ.

ಜೋಡಿಸುವಾಗ ಮೇಸ್ತ್ರಿ ತೋರಿಸಿದ ಒಂದು ಪರೀಕ್ಷೆಯನ್ನು ಬರೆದಿಡಬೇಕು. ಪಿಸ್ಟನ್ನಿನ ತಲೆಯ ಮೇಲೆ ಸಣ್ಣ ಸೀಸದ ತಂತಿಯ ತುಂಡುಗಳನ್ನು ಗ್ರೀಸಿನಿಂದ ಅಂಟಿಸಿ, ಹೆಡ್ ಬಿಗಿದು, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಮತ್ತೆ ಬಿಚ್ಚಿದರು. ಚಪ್ಪಟೆಯಾದ ಸೀಸದ ದಪ್ಪವೇ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಅದು ಕಡಿಮೆಯಿದ್ದರೆ ಪಿಸ್ಟನ್ನು ಹೆಡ್ಡಿಗೆ ಬಡಿಯಬಹುದು. ಹೆಚ್ಚಿದ್ದರೆ ಗಾಳಿ ಸಾಕಷ್ಟು ಒತ್ತಿಹೋಗುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ಗು ಇಲ್ಲ. 1897ರಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನಿಂದ ಹಿಡಿದು ನಮ್ಮ ಈ ಎಂಜಿನ್ನಿನವರೆಗೂ ಬೆಂಕಿ ಹುಟ್ಟುವುದು ಒತ್ತಿದ ಗಾಳಿಯ ಬಿಸಿಯಿಂದಲೇ. ಗಾಳಿಯನ್ನು 17ರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಗ್ಯಾಸ್ಕೆಟ್ಟಿನ ದಪ್ಪದಲ್ಲಿ ಆಗುವ ಸಣ್ಣ ವ್ಯತ್ಯಾಸ ಆ ಬಿಸಿಯನ್ನೇ ಕಡಿಮೆ ಮಾಡುತ್ತದೆ.

ನಾಜಲ್ ಅಂಗಡಿಯಲ್ಲಿ

ಫ್ಯೂಯೆಲ್ ಪಂಪು ಮತ್ತು ನಾಜಲ್ಲನ್ನು ನಾವು ಮನೆಯಲ್ಲಿ ಬಿಚ್ಚಲಿಲ್ಲ. ಪಂಪಿನೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನು; ಅಂಗಳದ ಧೂಳಿನ ಒಂದು ಕಣ ಸಾಕು ಅದನ್ನು ಕೆಡಿಸಲು. ಶಿವಮೊಗ್ಗದ ಒಂದು ಪಂಪ್ ರಿಪೇರಿ ಅಂಗಡಿಗೆ ಎರಡನ್ನೂ ಶುದ್ಧ ಬಟ್ಟೆಯಲ್ಲಿ ಸುತ್ತಿ ಒಯ್ದೆ. ಅಲ್ಲಿನ ಹುಡುಗ ನಾಜಲ್ಲನ್ನು ಕೈಪಂಪಿನ ಟೆಸ್ಟರಿಗೆ ಜೋಡಿಸಿ ಲಿವರ್ ಒತ್ತಿದ. ಮುಳ್ಳು ಏರುತ್ತಾ ಹೋಯಿತು, ನಾಜಲ್ಲಿನ ತುದಿಯಿಂದ ಡೀಸೆಲ್ ಹನಿಹನಿಯಾಗಿ ತೊಟ್ಟಿಕ್ಕಿತು, ಅಷ್ಟೇ. ಒಳಗಿನ ಸೂಜಿ ಕಚ್ಚಿಕೊಂಡಿತ್ತು. ಹನಿಯಾಗಿ ಬೀಳುವ ಡೀಸೆಲ್ ಉರಿಯುವುದಿಲ್ಲ, ಪಿಸ್ಟನ್ನಿನ ತಲೆಯ ಮೇಲೆ ಕರಕಲಾಗಿ ಕೂರುತ್ತದೆ. ಅದನ್ನು ಬಿಚ್ಚಿ ತೊಳೆದು, ಹೊಸ ತುದಿ ಹಾಕಿ, ಸ್ಪ್ರಿಂಗಿನ ಬಿಗಿ ಹೊಂದಿಸಿದ ಮೇಲೆ ಮತ್ತೆ ಲಿವರ್ ಒತ್ತಿದ. ಮುಳ್ಳು 200 ಬಾರ್ ಮುಟ್ಟಿದ ಕ್ಷಣದಲ್ಲಿ ಕಿರ್ರೆಂಬ ಸದ್ದಿನೊಂದಿಗೆ ಡೀಸೆಲ್ ಅಡಿಕೆಗೊನೆಗೆ ಬೋರ್ಡೋ ಹೊಡೆಯುವಾಗ ಬರುವ ಮಂಜಿನಂತೆ ಹರಡಿ ಚಿಮ್ಮಿತು, ಒತ್ತುವುದನ್ನು ನಿಲ್ಲಿಸಿದಾಗ ತುದಿ ಒಣಗಿಯೇ ಇತ್ತು. ನಾನು ಹತ್ತಿರ ಬಾಗಿದ್ದನ್ನು ಕಂಡು ಆ ಹುಡುಗ, "ಸಾರ್, ಕೈ ಮಾತ್ರ ಮುಂದೆ ತರ್ಬೇಡಿ" ಎಂದು ಗದರಿದ. ಅದು ಸುಮ್ಮನೆ ಹೇಳಿದ ಮಾತಲ್ಲ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂತಿಟ್ಟು ಮಾಂಸದೊಳಗೆ ಇಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು ಮಾತ್ರ ಕಂಡರೂ ಬೆರಳನ್ನೇ ಕತ್ತರಿಸುವ ಸ್ಥಿತಿ ಬರಬಹುದು. ಅಂಥ ಗಾಯವಾದರೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಪಂಪನ್ನು ವಾಪಸು ತಂದು ಕೂರಿಸುವಾಗ ನಾನು ಅತಿ ಹೆಚ್ಚು ಗಮನವಿಟ್ಟದ್ದು ಅದರ ರ‍್ಯಾಕ್ ಮೇಲೆ. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ಗವರ್ನರ್ ನಿಯಂತ್ರಿಸುವುದು ಆ ಸಣ್ಣ ಸಲಾಕೆಯನ್ನು ಆಚೀಚೆ ಸರಿಸಿ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಅದು ಅಂಟಿಕೊಂಡಿರುತ್ತದೆ, ಸಾಮಾನ್ಯವಾಗಿ ಪೂರ್ತಿ ತೆರೆದ ಸ್ಥಾನದಲ್ಲಿಯೇ, ಯಾಕೆಂದರೆ ನಿಂತ ಎಂಜಿನ್ನಿನಲ್ಲಿ ಗವರ್ನರಿನ ಸ್ಪ್ರಿಂಗು ಅದನ್ನು ಆ ಕಡೆಗೇ ಎಳೆದಿರುತ್ತದೆ. ಹಾಗೆಯೇ ಸ್ಟಾರ್ಟ್ ಮಾಡಿದರೆ ಎಂಜಿನ್ನು ತಡೆಯಿಲ್ಲದೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗಿ ಫ್ಲೈವೀಲು ಸಿಡಿಯುವ ಅಪಾಯವಿದೆ. ಬೆರಳಿನಿಂದ ತಳ್ಳಿದರೆ ಸರಾಗವಾಗಿ ಜಾರಿ ತಾನಾಗಿ ಮರಳಬೇಕು. ಅಷ್ಟಾಗುವವರೆಗೆ ಹ್ಯಾಂಡಲ್ ಮುಟ್ಟಬಾರದು.

ಆಲ್ಟರ್ನೇಟರಿನ ತೇವ

ಎಂಜಿನ್ನಿನ ಕೆಲಸ ಕಣ್ಣಿಗೆ ಕಾಣುತ್ತದೆ, ಆಲ್ಟರ್ನೇಟರಿನದು ಮೀಟರಿಗೆ ಮಾತ್ರ ಕಾಣುತ್ತದೆ. ವೈಂಡಿಂಗು ಸುಟ್ಟ ವಾಸನೆಯಿರಲಿಲ್ಲ, ತಾಮ್ರದ ತಂತಿಯ ವಾರ್ನಿಷು ಕಪ್ಪಾಗಿರಲಿಲ್ಲ. ಡಯೋಡುಗಳ ಸಂಪರ್ಕ ಕಳಚಿ (ಇದನ್ನು ಮರೆತರೆ ಅವು ಸುಟ್ಟುಹೋಗುತ್ತವೆ) 500 ವೋಲ್ಟಿನ ಮೆಗ್ಗರಿನಿಂದ (ಇನ್ಸುಲೇಶನ್ ಅಳೆಯುವ ಮೀಟರ್) ತಂತಿಗೂ ಮೈಗೂ ನಡುವಿನ ಇನ್ಸುಲೇಶನ್ ಅಳೆದಾಗ ಮುಳ್ಳು ಸೊನ್ನೆಯ ಹತ್ತಿರವೇ ಉಳಿಯಿತು. ಕನಿಷ್ಠ 1 ಮೆಗಾಓಮ್ ಆದರೂ ಇರಬೇಕು. ಇಂಥ ಅಂಕಿ ಕಂಡೊಡನೆ ರೀವೈಂಡಿಂಗ್ ಮಾಡಿಸಿ ಎಂದು ಹೇಳುವವರು ಬಹಳ. ಆದರೆ ಮಲೆನಾಡಿನಲ್ಲಿ ನಿಂತ ಯಂತ್ರದ ಮಟ್ಟಿಗೆ ಅದು ಅವಸರದ ತೀರ್ಮಾನ. ಇನ್ಸುಲೇಶನ್ ಕೆಟ್ಟಿರಬೇಕೆಂದೇನಿಲ್ಲ, ಒದ್ದೆಯಾಗಿರಬಹುದು.

ಒಣಗಿಸಲು ಬೇಕಾದದ್ದು ನಿಧಾನದ ಶಾಖ. 100 ವ್ಯಾಟಿನ ಹಳೆಯ ಬಲ್ಬುಗಳು ಈಗ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ, ಕೋಳಿಮರಿ ಸಾಕುವವರ ಬಳಿ ಇರುತ್ತವೆ, ಅವರಿಂದಲೇ ತಂದೆ. ಆಲ್ಟರ್ನೇಟರಿನ ಮುಚ್ಚಳಗಳನ್ನು ತೆಗೆದು, ಎರಡು ತುದಿಗೂ ಬಲ್ಬುಗಳನ್ನಿಟ್ಟು, ತೇವ ಹೊರಹೋಗಲು ಮೇಲೆ ಸಂದು ಬಿಟ್ಟು, ಹಲಗೆಯ ಪೆಟ್ಟಿಗೆಯಿಂದ ಮುಚ್ಚಿದೆವು. ಶಾಖ ಏರುತ್ತಿದ್ದಂತೆ ಮೆಗ್ಗರಿನ ಅಂಕಿ ಮೊದಲಿಗಿಂತಲೂ ಕೆಳಗಿಳಿಯಿತು. ಗೊತ್ತಿಲ್ಲದವರು ಇಲ್ಲಿಯೇ ಕೈಬಿಡುತ್ತಾರೆ. ಬಿಸಿಯಾದ ಇನ್ಸುಲೇಶನ್ನಿನ ಪ್ರತಿರೋಧ ಸಹಜವಾಗಿಯೇ ಇಳಿಯುತ್ತದೆ, ಒಳಗಿನ ತೇವ ಆವಿಯಾಗಿ ಹೋಗುತ್ತಾ ಬಂದಂತೆ ಅಂಕಿ ಮತ್ತೆ ಏರಲು ತೊಡಗುತ್ತದೆ. ನಮ್ಮದೂ ಹಾಗೆಯೇ ಏರಿ, ತಣ್ಣಗಾದ ಮೇಲೆ ಹಲವು ಮೆಗಾಓಮ್‌ಗಳಲ್ಲಿ ನಿಂತಿತು. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಸ್ಲಿಪ್ ರಿಂಗುಗಳ ಹಸಿರು ಕಿಲುಬನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ತೆಗೆದು, ಅವುಗಳ ಮೇಲೆ ಒತ್ತಿಕೊಂಡಿರಬೇಕಾದ, ಗೂಡಿನಲ್ಲಿ ಕಚ್ಚಿಕೊಂಡಿದ್ದ ಕಾರ್ಬನ್ನುಗಳನ್ನು ಬದಲಿಸಿದೆವು.

ಮೊದಲ ಓಟ

ಸ್ಟಾರ್ಟ್ ಮಾಡುವ ದಿನ ಮೇಸ್ತ್ರಿ ಗಾಳಿಯ ಫಿಲ್ಟರ್ ಕಳಚಿಟ್ಟು, ಆ ತೂತನ್ನು ಪೂರ್ತಿ ಮುಚ್ಚುವಷ್ಟು ಅಗಲದ ಹಲಗೆಯೊಂದನ್ನು ನನ್ನ ಕೈಗೆ ಕೊಟ್ಟರು. ರ‍್ಯಾಕ್ ಸರಿಯಿದೆ ಎಂದು ಎಷ್ಟು ಖಚಿತವಿದ್ದರೂ ಮೊದಲ ಓಟಕ್ಕೆ ಈ ಎಚ್ಚರಿಕೆ ಬೇಕೇ ಬೇಕು. ವೇಗ ಮಿತಿಮೀರಿದ ಡೀಸೆಲ್ ಎಂಜಿನ್ನನ್ನು ನಿಲ್ಲಿಸುವ ನಂಬಿಕಸ್ಥ ದಾರಿ ಗಾಳಿಯನ್ನು ತಡೆಯುವುದು. ಹಲಗೆಯನ್ನೇ ಬಳಸಬೇಕು, ಕೈಯನ್ನಲ್ಲ. ಹೊಸ ಎಣ್ಣೆ, ಹೊಸ ಫಿಲ್ಟರ್, ತೊಳೆದ ಟ್ಯಾಂಕಿನಲ್ಲಿ ಹೊಸ ಡೀಸೆಲ್. ಪೈಪಿನ ಒಂದೊಂದು ಜೋಡಣೆಯನ್ನೂ ಸಡಿಲಿಸಿ ಗುಳ್ಳೆಗಳು ನಿಲ್ಲುವವರೆಗೆ ಏರ್ ತೆಗೆದು, ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ಸುತ್ತಿದರು. ವೇಗ ಸಾಕಾಯಿತು ಎನಿಸಿದಾಗ ಲಿವರ್ ಬಿಟ್ಟರು. ಒಂದು ಗುದ್ದು, ಬಿಳಿ ಹೊಗೆ, ಮತ್ತೊಂದು ಗುದ್ದು, ಆ ಮೇಲೆ ಎಂಜಿನ್ನು ತನ್ನಷ್ಟಕ್ಕೇ ಹಿಡಿದುಕೊಂಡಿತು. ಗವರ್ನರ್ ಸರಿಯಾಗಿ ಎಳೆದು ವೇಗವನ್ನು ಹಿಡಿಯುತ್ತಿದ್ದುದನ್ನು ಕೇಳಿ ನಾನು ಹಲಗೆ ಕೆಳಗಿಟ್ಟೆ. ಮೇಸ್ತ್ರಿಯ ಮುಖದಲ್ಲಿದ್ದ ಸಂತೋಷ ನನ್ನದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ವೋಲ್ಟ್ ಮೀಟರ್ ಮಾತ್ರ ಕೆಲವೇ ವೋಲ್ಟ್ ತೋರಿಸಿತು. ಇದೂ ನಿರೀಕ್ಷಿತವೇ. ಇಂಥ ಆಲ್ಟರ್ನೇಟರ್ ತನ್ನ ಕಾಂತಕ್ಷೇತ್ರವನ್ನು ತಾನೇ ಕಟ್ಟಿಕೊಳ್ಳಬೇಕು, ಅದಕ್ಕೆ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವವೇ ಬೀಜ. ಬಹುಕಾಲ ನಿಂತರೆ ಆ ಬೀಜ ದುರ್ಬಲವಾಗುತ್ತದೆ. ಎಂಜಿನ್ನು ನಿಲ್ಲಿಸಿ, ಡಯೋಡ್ ಕಳಚಿ, 12 ವೋಲ್ಟಿನ ಬ್ಯಾಟರಿಯನ್ನು ಪ್ಲಸ್ಸಿಗೆ ಪ್ಲಸ್ಸು ಸೇರುವಂತೆ ಕಾರ್ಬನ್ನುಗಳಿಗೆ ಕ್ಷಣಕಾಲ ಮುಟ್ಟಿಸಿ, ಮತ್ತೆ ಎಲ್ಲ ಜೋಡಿಸಿ ಓಡಿಸಿದಾಗ ವೋಲ್ಟೇಜು ತಾನಾಗಿ ಏರಿ 230ರ ಸುತ್ತ ನಿಂತಿತು. ನಾಲ್ಕು ಧ್ರುವದ ಆಲ್ಟರ್ನೇಟರ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಸ್. ಭಾರ ಬಿದ್ದಾಗ ವೇಗ ಸ್ವಲ್ಪ ಇಳಿಯುವುದರಿಂದ, ಖಾಲಿ ಓಡುವಾಗ 52ರ ಹತ್ತಿರ ಹೊಂದಿಸಿದೆವು.

ಮನೆಯ ವೈರಿಂಗಿಗೆ ಜೋಡಿಸುವ ಮೊದಲು ಚೇಂಜ್ ಓವರ್ ಸ್ವಿಚ್ ಹಾಕಿಸಿದೆ. ಎರಡು ಕಡೆಯೂ ಪಿನ್ನುಗಳಿರುವ ತಂತಿಯಿಂದ ಜನರೇಟರಿನ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಕೊಡುವ ಅಭ್ಯಾಸವನ್ನು ನಮ್ಮ ಸುತ್ತಮುತ್ತಲೇ ಕಂಡಿದ್ದೇನೆ. ಅದರ ಬಗ್ಗೆ ನನಗೆ ಸಹನೆಯಿಲ್ಲ. ಆ ಕರೆಂಟು ಮೀಟರಿನ ಮೂಲಕ ಹಿಂದಕ್ಕೆ ಹರಿದು ಕಂಬದ ಟ್ರಾನ್ಸ್‌ಫಾರ್ಮರ್ ತಲುಪಿದರೆ, ಮನೆಗೆ ಬರುವಾಗ 11,000 ವೋಲ್ಟನ್ನು ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್ ಅದನ್ನು ಹಿಮ್ಮುಖವಾಗಿ ಏರಿಸುತ್ತದೆ. ಲೈನು ಆಫ್ ಆಗಿದೆ ಎಂದು ನಂಬಿ ಸುರಿಯುವ ಮಳೆಯಲ್ಲಿ ಬಿದ್ದ ಮರವನ್ನು ತೆಗೆಯುತ್ತಿರುವ ಲೈನ್‌ಮನ್ ಆಗ ಸಾಯುತ್ತಾನೆ. ಚೇಂಜ್ ಓವರ್ ಸ್ವಿಚ್ಚಿನಲ್ಲಿ ಮನೆ ಒಂದೋ ಹೊರಗಿನ ಲೈನಿಗೆ, ಇಲ್ಲವೋ ಜನರೇಟರಿಗೆ ಮಾತ್ರ ಸೇರಲು ಸಾಧ್ಯ. ಜನರೇಟರಿನ ಮೈಗೆ ಪ್ರತ್ಯೇಕ ಅರ್ಥಿಂಗ್ ಕೊಟ್ಟೆವು. ಹೊಗೆಯ ಕೊಳವೆಯನ್ನು ಶೆಡ್ಡಿನ ಹೊರಗೆ ಅಡ್ಡಕ್ಕೆ ಬಗ್ಗಿಸಿ, ತುದಿ ಕೆಳಮುಖವಾಗುವಂತೆ ಕಟ್ಟಿದೆವು.

ಈಗ ತಿಂಗಳಿಗೊಮ್ಮೆ ಅದನ್ನು ಓಡಿಸುತ್ತೇವೆ, ಖಾಲಿಯಾಗಿ ಅಲ್ಲ, ಭಾರ ಹಾಕಿಯೇ. ಹೊಸ ರಿಂಗುಗಳು ಲೈನರಿಗೆ ಕೂರಬೇಕಾದರೆ ಸಿಲಿಂಡರಿನಲ್ಲಿ ಒತ್ತಡ ಬೇಕು. ಖಾಲಿ ಓಡಿಸಿದರೆ ಲೈನರಿನ ಮೈ ಗಾಜಿನಂತೆ ನುಣುಪಾಗಿ, ಎಣ್ಣೆ ಮೇಲೇರಿ ನೀಲಿ ಹೊಗೆ ಬರುತ್ತದೆ. ಮೊದಲು 2 ಎಚ್‌ಪಿಯ ಸುಲಿಯುವ ಯಂತ್ರದ ಮೋಟಾರನ್ನು ಹಚ್ಚುತ್ತೇವೆ, ಯಾಕೆಂದರೆ ಮೋಟಾರು ಎದ್ದೇಳುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಅದು ವೇಗಕ್ಕೆ ಬಂದ ಮೇಲೆಯೇ ಫ್ರಿಜ್ಜು, ದೀಪ, ಉಳಿದವು. ಓಟ ಮುಗಿದ ಮೇಲೆ ಟ್ಯಾಂಕನ್ನು ಬಾಯಿತನಕ ತುಂಬಿಸಿಡುತ್ತೇವೆ, ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ನೀರು ಬಂದಿದೆಯೇ ನೋಡುತ್ತೇವೆ. ನಿಲ್ಲಿಸಿದ ಮೇಲೆ ಕಂಪ್ರೆಶನ್ ಬಿಗಿಯಾಗುವವರೆಗೆ ಚಕ್ರವನ್ನು ಕೈಯಿಂದ ತಿರುಗಿಸಿಡುತ್ತೇವೆ, ಆ ಸ್ಥಾನದಲ್ಲಿ ಎರಡು ವಾಲ್ವುಗಳೂ ಮುಚ್ಚಿರುತ್ತವೆ. ಮೊದಲ ಎಣ್ಣೆಯನ್ನು ಬೇಗನೆ ಬದಲಿಸಿ ಬಟ್ಟೆಯಲ್ಲಿ ಸೋಸಿ ನೋಡಿದಾಗ ಲೋಹದ ಹುಡಿ ಸಿಗಲಿಲ್ಲ. ಆರಂಭದಲ್ಲಿ ಕಾಣುತ್ತಿದ್ದ ತೆಳು ನೀಲಿ ಹೊಗೆಯೂ ಈಗಿಲ್ಲ. ಬ್ಲಾಕಿನ ಕೆಳಗಿನ ನೀರಿನ ಪ್ಲಗ್ಗಿನ ಬಳಿ ಸಣ್ಣ ಜಿನುಗು ಮಾತ್ರ ಉಳಿದಿದೆ. ಕೊಯ್ಲು ಶುರುವಾಗುವ ಮೊದಲು ಅದನ್ನು ಬಿಚ್ಚಿ ಹೊಸ ತಾಮ್ರದ ವಾಷರ್ ಹಾಕಬೇಕು.